ಹಂಗಾಮಿ ಸೇನಾಪತಿ



ಕೆಲವು ತಿಂಗಳ ಹಿಂದೆ ಮಡಿಕೇರಿಗೆ ಹೋಗಿದ್ದಾಗ ‘ಸನ್ನಿಸೈಡ್’ ಎಂಬ ಮನೆಯನ್ನು ನೋಡಿಬಂದೆ. ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಮನೆ ಅದು. 2021ರ ಫೆಬ್ರವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆಯಿತು. ನನ್ನ ಮುಂದೆ ಒಬ್ಬ ಹುಡುಗ ತಂದೆಯ ಕೈ ಹಿಡಿದುಕೊಂಡು ನಡೆಯುತ್ತಿದ್ದ. ಎಂಟೋ ಒಂಬತ್ತೋ ವರ್ಷದವನಿರಬೇಕು. “ಇವರು ಹೋದ ಮೇಲೆ ಯಾರು ಬಂದರು ಅಪ್ಪ?” ಎಂದು ಕೇಳಿದ. ತಂದೆ, “ಯಾರೋ ಬಂದಿರುತ್ತಾರೆ, ನಡಿ” ಎಂದರು.

ಯಾರೋ ಬಂದಿರುತ್ತಾರೆ! ಸೇನೆಯ ಮುಖ್ಯಸ್ಥನ ಕುರ್ಚಿಯ ಬಗ್ಗೆ ನಮ್ಮಲ್ಲಿ ಬಹುಮಂದಿಗೆ ಇರುವ ತಿಳಿವಳಿಕೆ ಇಷ್ಟೆ. ಅದೊಂದು ನೆಮ್ಮದಿಯ ಲಕ್ಷಣವೂ ಹೌದು. ಒಬ್ಬರು ಹೋಗುತ್ತಾರೆ, ಮತ್ತೊಬ್ಬರು ಬರುತ್ತಾರೆ, ನಾವು ಬೆಳಗಿನ ಕಾಫಿ ಕುಡಿಯುತ್ತ ಪತ್ರಿಕೆಯಲ್ಲಿ ಅದನ್ನು ಓದುತ್ತೇವೆ. ಆದರೆ ಹೋಗುವವರು ಹೋಗಿ, ಬರಬೇಕಾದವರು ಯಾರೆಂದು ಇನ್ನೂ ನಿಶ್ಚಯವಾಗದೆ, ನಡುವೆ ಒಬ್ಬರನ್ನು ‘ಸದ್ಯಕ್ಕೆ’ ಎಂದು ಕೂರಿಸುವ ಸಂದರ್ಭಗಳುಂಟು. ಇಂದು ನಾನು ಮಾತನಾಡಬೇಕೆಂದಿರುವುದು ಆ ‘ಸದ್ಯಕ್ಕೆ’ಯ ವಿಷಯ.

ಇದಕ್ಕೆ ನಮ್ಮಲ್ಲಿ ‘ಹಂಗಾಮಿ’ ಎಂಬ ಮಾತಿದೆ. ಅದು ಪಾರಸಿಯಿಂದ ಬಂದದ್ದು. ಹಂಗಾಮು ಎಂದರೆ ಕಾಲ, ಸಮಯ, ಋತು. ನಮ್ಮ ರೈತರು ಮುಂಗಾರು ಹಂಗಾಮು, ಹಿಂಗಾರು ಹಂಗಾಮು ಎನ್ನುವಾಗ ಆ ಪದ ತನ್ನ ಮೂಲಾರ್ಥದಲ್ಲೇ ಇರುತ್ತದೆ. ಕಚೇರಿಯ ಕಡತಕ್ಕೆ ಹೋದಾಗ ಅದು ‘ಇನ್ನೂ ಕಾಯಂ ಆಗದ’ ಎಂಬ ಅರ್ಥಕ್ಕೆ ಇಳಿಯಿತು. ಈಚೆಗೆ ಸರ್ಕಾರದ ಆದೇಶಗಳಲ್ಲಿ ‘ಪ್ರಭಾರ’ ಎಂಬ ಸಂಸ್ಕೃತ ಪದ ಅದರ ಜಾಗಕ್ಕೆ ಬಂದಿದೆ. ಆದರೂ ಬಾಯಿಮಾತಿನಲ್ಲಿ ನಾವು ‘ಇನ್‌ಚಾರ್ಜ್’ ಎನ್ನುವುದೇ ಹೆಚ್ಚು. ಮೂರು ಭಾಷೆಗಳ ಮೂರು ಮಾತುಗಳಿದ್ದರೂ ಅನುಮಾನ ಒಂದೇ: ಈ ಮನುಷ್ಯ ಇಲ್ಲಿ ನಿಜವಾಗಿ ಕುಳಿತಿದ್ದಾನೆಯೆ, ಇಲ್ಲವೆ?

ಆ ಅನುಮಾನದ ರುಚಿ ನನಗೆ ಸ್ವಂತ ಅನುಭವದಿಂದ ಗೊತ್ತು. ನಾನು ಕನ್ನಡ ಪಾಠ ಹೇಳುತ್ತಿದ್ದ ಒಂದು ಕಾಲೇಜಿನಲ್ಲಿ ಪ್ರಾಂಶುಪಾಲರು ಮೇ ತಿಂಗಳ ಕೊನೆಯಲ್ಲಿ ನಿವೃತ್ತರಾದರು. ಅಂದು ಸಂಜೆ ಪ್ರಭಾರದ ಆದೇಶ ನನ್ನ ಕೈಗೆ ಬಂತು. ಹೊಸಬರು ಬರುವವರೆಗೆ ಎಂದಿತ್ತು. ಹೊಸಬರು ಬರಲು ಹದಿನೈದು ತಿಂಗಳು ಹಿಡಿಯಿತು. ಗ್ರಂಥಾಲಯದ ಹಿಂಬದಿಯ ಚಾವಣಿ ಸೋರುತ್ತಿತ್ತು. ರಿಪೇರಿಯ ಕಡತ ನನ್ನ ಮೇಜಿನ ಮೇಲೆಯೇ ಇತ್ತು. ಕಾಯಂ ಪ್ರಾಂಶುಪಾಲರು ಬಂದು ನೋಡಿಕೊಳ್ಳಲಿ, ನನಗೇಕೆ ಎಂದು ಅದನ್ನು ಪಕ್ಕಕ್ಕೆ ಸರಿಸಿದವನು ನಾನೇ. ಎರಡು ಮಳೆಗಾಲ ಕಳೆದವು. ಹಳಗನ್ನಡ ಕಾವ್ಯಗಳ ಒಂದು ಕಪಾಟು ನೆನೆದು ಹೋಯಿತು. ಸಹಿ ಹಾಕಲು ನನಗೆ ಅಧಿಕಾರವಿರಲಿಲ್ಲವೆ? ಇತ್ತು. ಆದೇಶವನ್ನು ಆಮೇಲೆ ಹತ್ತು ಸಲ ಓದಿ ನೋಡಿದ್ದೇನೆ. ಅಧಿಕಾರಕ್ಕೆ ಅದರಲ್ಲಿ ಯಾವ ಕೊರತೆಯೂ ಇರಲಿಲ್ಲ.

ಕಾಲೇಜಿನ ಮಾತು ಬಿಡಿ, ಅಲ್ಲಿ ಪುಸ್ತಕ ನೆನೆದೀತು. ಸೇನೆಯಲ್ಲಿ ಹೀಗಾದರೆ?

ಕನ್ನಡ ಓದಿದವನಿಗೆ ಸೇನಾಪತಿ ಎಂದೊಡನೆ ಕಣ್ಣಮುಂದೆ ಬರುವುದು ಕುರುಕ್ಷೇತ್ರ. ಪಾಂಡವರ ಕಡೆ ಹದಿನೆಂಟು ದಿನವೂ ಧೃಷ್ಟದ್ಯುಮ್ನನೊಬ್ಬನೇ ಸೇನಾಪತಿ. ಕೌರವರ ಕಡೆ ಹಾಗಲ್ಲ. ಭೀಷ್ಮ ಹತ್ತು ದಿನ, ದ್ರೋಣ ಐದು ದಿನ, ಕರ್ಣ ಎರಡು ದಿನ, ಶಲ್ಯ ಕೊನೆಯ ದಿನದ ಮಧ್ಯಾಹ್ನದವರೆಗೆ. ಭಾರತದ ಯುದ್ಧಪರ್ವಗಳಿಗೆ ಹೆಸರು ಬಂದಿರುವುದೂ ಹೀಗೆ ಹೋದ ಸೇನಾಪತಿಗಳಿಂದಲೇ. ನಾನು ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಕೇಳುತ್ತಿದ್ದ ಪ್ರಶ್ನೆಯೊಂದಿತ್ತು. ಇವರಲ್ಲಿ ಹಂಗಾಮಿ ಯಾರು? ಯಾರೂ ಅಲ್ಲ. ಅರ್ಧ ದಿನ ಬಾಳಿದ ಶಲ್ಯನಿಗೂ ಭೀಷ್ಮನಿಗೆ ಆದಷ್ಟೇ ಪೂರ್ಣವಾದ ಅಭಿಷೇಕ ಆಯಿತು. ಅಷ್ಟೇ ಅಲ್ಲ, ತೊಡೆ ಮುರಿದು ಬಿದ್ದ ದುರ್ಯೋಧನ ಅಶ್ವತ್ಥಾಮನಿಗೂ ಸೇನಾಧಿಪತ್ಯದ ಅಭಿಷೇಕ ಮಾಡಿಸಿದ. ಆಗ ಆ ಸೇನೆಯಲ್ಲಿ ಅಶ್ವತ್ಥಾಮನನ್ನು ಬಿಟ್ಟರೆ ಉಳಿದಿದ್ದವರು ಕೃಪ ಮತ್ತು ಕೃತವರ್ಮ ಇಬ್ಬರೇ! ಆ ಪೂರ್ಣಾಧಿಕಾರದಿಂದ ಆ ರಾತ್ರಿ ನಡೆದದ್ದು ಎಂಥ ಕೃತ್ಯ ಎಂಬುದು ನಮಗೆಲ್ಲ ತಿಳಿದಿದೆ. ಆದ್ದರಿಂದ ಪೂರ್ಣಾಧಿಕಾರ ಕೊಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ.

ಇನ್ನೊಂದನ್ನು ಗಮನಿಸಬೇಕು. ಭೀಷ್ಮ ಶರಶಯ್ಯೆಯ ಮೇಲೆ ಮಲಗಿದ, ಸಾಯಲಿಲ್ಲ. ಉತ್ತರಾಯಣದವರೆಗೂ ಬದುಕಿದ್ದ, ಪ್ರಜ್ಞೆ ಸ್ಪಷ್ಟವಾಗಿತ್ತು, ರಣರಂಗ ಕಣ್ಣೆದುರಿಗೇ ಇತ್ತು. ಆದರೂ ಶಯ್ಯೆಯಿಂದ ಒಂದೇ ಒಂದು ಸೇನಾಜ್ಞೆಯನ್ನೂ ಹೊರಡಿಸಲಿಲ್ಲ. ದುರ್ಯೋಧನ, ಇನ್ನು ಮುಂದೆ ಯಾರು ಎಂದು ಕರ್ಣನನ್ನು ಕೇಳಿದ. ಭೀಷ್ಮನಿರುವವರೆಗೆ ಆಯುಧ ಹಿಡಿಯೆನೆಂದು ಹತ್ತು ದಿನ ದೂರ ಕುಳಿತಿದ್ದ ಕರ್ಣ ತನ್ನ ಹೆಸರನ್ನು ಹೇಳಿಕೊಳ್ಳದೆ ದ್ರೋಣನ ಹೆಸರು ಹೇಳಿದ. ಹೋಗುವವನು ಪೂರ್ತಿ ಹೋಗಬೇಕು, ಬರುವವನು ಪೂರ್ತಿ ಬರಬೇಕು. ಈ ಭಾಗವನ್ನು ನೆನಪಿನಲ್ಲಿಡಿ. ಮುಂದೆ ಇನ್ನೊಂದು ಹಾಸಿಗೆಯ ಮಾತು ಬರುವುದಿದೆ.

ಪುರಾಣದಿಂದ ನಮ್ಮ ಊರಿಗೆ ಬರೋಣ. ಮೈಸೂರಿನಲ್ಲಿ ದಳವಾಯಿ ಕೆರೆ ಎಂಬ ಕೆರೆಯಿದೆ. ನಿತ್ಯ ಆ ಕಡೆ ಓಡಾಡುವವರಲ್ಲಿ ದಳವಾಯಿ ಎಂದರೆ ಯಾರೆಂದು ಯೋಚಿಸುವವರು ವಿರಳ. ಒಡೆಯರ ರಾಜ್ಯದಲ್ಲಿ ದಳವಾಯಿಯೇ ಸೇನೆಯ ಮುಖ್ಯಸ್ಥ. ನಂಜನಗೂಡಿಗೆ ಸಮೀಪದ ಕಳಲೆಯ ಅರಸು ಮನೆತನಕ್ಕೂ ಮೈಸೂರಿನ ಮನೆತನಕ್ಕೂ ಹಿಂದೆಯೇ ಒಂದು ಒಪ್ಪಂದವಾಗಿ, ಸಿಂಹಾಸನ ಇವರಿಗೆ, ದಳವಾಯಿತನ ಅವರಿಗೆ ಎಂದು ನಿಶ್ಚಯವಾಯಿತೆಂದು ಪ್ರತೀತಿ. ಹದಿನೆಂಟನೆಯ ಶತಮಾನದ ಹೊತ್ತಿಗೆ ರಾಜನು ಹೆಸರಿಗೆ ಮಾತ್ರ ರಾಜನಾಗಿ, ಕಳಲೆಯ ಅಣ್ಣತಮ್ಮಂದಿರು ರಾಜ್ಯವಾಳುತ್ತಿದ್ದರು. ಅಣ್ಣ ದೇವರಾಜಯ್ಯ ದಳವಾಯಿ. ತಮ್ಮ ಕರಾಚೂರಿ ನಂಜರಾಜಯ್ಯ ಸರ್ವಾಧಿಕಾರಿ. ನಂಜರಾಜಯ್ಯನನ್ನು ನಾವು ಕನ್ನಡದವರು ಬೇರೆ ಕಾರಣಕ್ಕೂ ಬಲ್ಲೆವು. ‘ಕಕುದ್ಗಿರಿ ಮಹಾತ್ಮ್ಯ’ವೇ ಮೊದಲಾದ ಗ್ರಂಥಗಳು ಅವನ ಹೆಸರಿನಲ್ಲಿವೆ. ಅವನನ್ನು ನಾಯಕನನ್ನಾಗಿ ಮಾಡಿ ನರಸಿಂಹಕವಿ ‘ನಂಜರಾಜಯಶೋಭೂಷಣ’ವೆಂಬ ಅಲಂಕಾರಗ್ರಂಥವನ್ನೇ ಸಂಸ್ಕೃತದಲ್ಲಿ ಬರೆದ. ಸಾಹಿತ್ಯಪ್ರೇಮಿ. ಆದರೆ ತಿರುಚಿರಾಪಳ್ಳಿಯನ್ನು ಪಡೆಯುವ ಹಟದಲ್ಲಿ ವರ್ಷಗಟ್ಟಲೆ ದಂಡೆತ್ತಿ ಬೊಕ್ಕಸವನ್ನು ಬರಿದು ಮಾಡಿದವನೂ ಅವನೇ.

ಇಮ್ಮಡಿ ಕೃಷ್ಣರಾಜ ಒಡೆಯರು ಪ್ರಾಯಕ್ಕೆ ಬಂದು ಈ ಹಿಡಿತದಿಂದ ಬಿಡಿಸಿಕೊಳ್ಳಲು ಯತ್ನಿಸಿದಾಗ ನಂಜರಾಜಯ್ಯ ಅರಮನೆಯ ಮೇಲೆಯೇ ಬಲಪ್ರಯೋಗ ಮಾಡಿದ. ರಾಜನ ಪಕ್ಷದವರ ಕಿವಿಮೂಗುಗಳನ್ನು ರಾಜನ ಕಣ್ಣೆದುರಿಗೇ ಕೊಯ್ಸಿದನೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಆ ರಾಜ ಅವನ ಸ್ವಂತ ಅಳಿಯ ಎಂಬುದನ್ನು ನೆನೆದರೆ ಮೈ ನಡುಗುತ್ತದೆ. ಅಣ್ಣ ದೇವರಾಜಯ್ಯ ಇದನ್ನು ಸಹಿಸಲಾರದೆ 1757ರ ಆರಂಭದಲ್ಲಿ ಶ್ರೀರಂಗಪಟ್ಟಣವನ್ನು ಬಿಟ್ಟು ಸತ್ಯಮಂಗಲಕ್ಕೆ ಹೊರಟುಹೋದ.

ನಮ್ಮ ವಿಷಯಕ್ಕೆ ಮುಖ್ಯವಾದ ಘಟ್ಟ ಇದು. ಮೂವತ್ತು ವರ್ಷಗಳಿಗೂ ಮಿಕ್ಕು ದಳವಾಯಿಯಾಗಿದ್ದವನು ಹೊರಟುಹೋದ. ರಾಜೀನಾಮೆಯೂ ಅಲ್ಲ, ವಜಾ ಅಲ್ಲ, ರಜೆಯೂ ಅಲ್ಲ, ಮುನಿಸು. ಕುರ್ಚಿ ಅವನದೇ, ಆದರೆ ಅವನು ಅದರಲ್ಲಿಲ್ಲ. ಅವನ ಜಾಗದಲ್ಲಿ ನಿಂತು ಸೇನೆಗೆ ಉತ್ತರ ಹೇಳುವವರು ಯಾರು? ತಮ್ಮನ ಕೈಯಲ್ಲಿ ಅಧಿಕಾರವೇನೋ ಇತ್ತು, ಸೈನಿಕರ ವಿಶ್ವಾಸವಿರಲಿಲ್ಲ. ಹಣವಂತೂ ಇರಲೇ ಇಲ್ಲ. ಕೆಲವೇ ವಾರಗಳಲ್ಲಿ ಪೇಶ್ವೆ ಬಾಲಾಜಿರಾಯ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ 32 ಲಕ್ಷ ರೂಪಾಯಿಗೆ ಒಪ್ಪಿಸಿ ಹೋದ. ಇದ್ದಷ್ಟನ್ನು ಕೊಟ್ಟು ಉಳಿದದ್ದಕ್ಕೆ ತಾಲೂಕುಗಳನ್ನು ಒತ್ತೆಯಿಡಬೇಕಾಯಿತು. ಮರುವರ್ಷ ಸಂಬಳ ಬಾರದ ಸಿಪಾಯಿಗಳು ನಂಜರಾಜಯ್ಯನ ಬಾಗಿಲಲ್ಲಿ ಧರಣಿ ಕೂತು, ಒಳಕ್ಕೆ ಅನ್ನ ನೀರು ಹೋಗದಂತೆ ತಡೆದರು.

ಆಗ ಮುಂದೆ ಬಂದವನು ದಿಂಡಿಗಲ್ಲಿನ ಫೌಜುದಾರ ಹೈದರಾಲಿ. ಅಣ್ಣತಮ್ಮಂದಿರಿಗೆ ರಾಜಿ ಮಾಡಿಸಿದ. ಸಂಬಳದ ಬಾಕಿಯ ಲೆಕ್ಕವನ್ನು ತಾನೇ ಕೈಗೆತ್ತಿಕೊಂಡು ತೀರಿಸಿದ. ದೇವರಾಜಯ್ಯ ರಾಜಧಾನಿಗೆ ಮರಳಿದನಾದರೂ 1758ರ ಜೂನ್‌ನಲ್ಲಿ ತೀರಿಕೊಂಡ. ಮರುವರ್ಷ ಮರಾಠರ ವಿರುದ್ಧ ಸೇನೆಯನ್ನು ನಡೆಸಲು ಹೈದರನನ್ನು ನೇಮಿಸಿದಾಗ ಹಳೆಯ ಸರದಾರರಲ್ಲಿ ಹಲವರು ಅವನ ಕೈಕೆಳಗೆ ದುಡಿಯಲಾರೆವೆಂದರು. ಅವನು ಗೆದ್ದು ಬಂದ. 1759ರಲ್ಲಿ ನಂಜರಾಜಯ್ಯ ಅಧಿಕಾರ ಬಿಟ್ಟು ಹೊರಡಬೇಕಾಯಿತು. 1761ರ ಹೊತ್ತಿಗೆ ರಾಜ್ಯ ಹೈದರನ ಕೈಯಲ್ಲಿತ್ತು.

ಹೈದರ್ ಒಳ್ಳೆಯವನೆ ಕೆಟ್ಟವನೆ ಎಂಬ ಚರ್ಚೆಗೆ ಇಂದು ನಾನು ಇಳಿಯುವುದಿಲ್ಲ. ಅದಕ್ಕೆ ಬೇರೆ ಭಾಷಣಗಳೂ ಬೇರೆ ಭಾಷಣಕಾರರೂ ಇದ್ದಾರೆ. ನಾನು ಹೇಳುವುದಿಷ್ಟೆ. ಅವನು ದಳವಾಯಿಯ ಕುರ್ಚಿಯನ್ನು ಕಸಿದುಕೊಳ್ಳಲಿಲ್ಲ. ಆ ಕುರ್ಚಿ ಬರಿದಾಗಿತ್ತು. ಯಾರನ್ನೂ ಅದರಲ್ಲಿ ನೇರವಾಗಿ ಕೂರಿಸದಿದ್ದಾಗ, ಸಂಬಳ ಬಟವಾಡೆ ಮಾಡಬಲ್ಲವನು ತಾನಾಗಿಯೇ ಅದರಲ್ಲಿ ಕುಳಿತ. ನಮ್ಮ ಮೈಸೂರಿನ ಚರಿತ್ರೆಯ ದಿಕ್ಕನ್ನೇ ತಿರುಗಿಸಿದ್ದು ಅಂಥದೊಂದು ತೆರಪು.

ಇನ್ನು ಇನ್ನೂರು ವರ್ಷ ದಾಟಿ ನಮ್ಮ ಗಣರಾಜ್ಯದ ಸೇನೆಗೆ ಬರುತ್ತೇನೆ. ಅದರ ಮೊದಲ ಭಾರತೀಯ ಮಹಾದಂಡನಾಯಕರು ನಮ್ಮ ಕೊಡಗಿನವರು, ಶನಿವಾರಸಂತೆಯಲ್ಲಿ ಹುಟ್ಟಿದ ಕಾರ್ಯಪ್ಪನವರು. 1949ರ ಜನವರಿ 15ರಂದು ಜನರಲ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡರು. ಆ ದಿನವನ್ನೇ ಸೇನಾ ದಿನವೆಂದು ಇಂದಿಗೂ ಆಚರಿಸುತ್ತೇವೆ. ಅವರ ಅವಧಿ ಮುಗಿದ ದಿನ ಅವರು ಹೊರಟರು, ಇನ್ನೊಬ್ಬರು ಬಂದರು. ಏನೂ ಆಗಲಿಲ್ಲ. ಚರಿತ್ರೆಯಲ್ಲಿ ‘ಏನೂ ಆಗಲಿಲ್ಲ’ ಎಂದು ಬರೆಯುವ ಭಾಗ್ಯ ನಮ್ಮ ನೆರೆಯ ಹಲವು ದೇಶಗಳಿಗೆ ಬರಲಿಲ್ಲ ಎಂಬುದನ್ನು ಮರೆಯಬಾರದು.

ತಿಮ್ಮಯ್ಯನವರು 1957ರ ಮೇ ತಿಂಗಳಲ್ಲಿ ಸೇನಾ ಮುಖ್ಯಸ್ಥರಾದರು. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಡನೆ ಹೊಂದಾಣಿಕೆಯಾಗದೆ 1959ರ ಆಗಸ್ಟ್ 31ರಂದು ರಾಜೀನಾಮೆ ಸಲ್ಲಿಸಿದ್ದು, ಪ್ರಧಾನಿ ನೆಹರೂ ಮನವೊಲಿಸಿದ್ದರಿಂದ ಹಿಂತೆಗೆದುಕೊಂಡದ್ದು ಎಲ್ಲರಿಗೂ ತಿಳಿದ ಕಥೆ. ಹಿಂತೆಗೆದುಕೊಂಡದ್ದು ಸರಿಯೆ ತಪ್ಪೆ ಎಂದು ಈಗಲೂ ವಾದಿಸುವವರಿದ್ದಾರೆ. ದೇವರಾಜಯ್ಯನ ಮುನಿಸನ್ನು ಓದಿಕೊಂಡಿರುವ ನನಗೆ ತಿಮ್ಮಯ್ಯನವರ ಸಂಕಟ ಅರ್ಥವಾಗುತ್ತದೆ. ಅವರು ಸತ್ಯಮಂಗಲಕ್ಕೆ ಹೋಗಿ ಕೂರಲಿಲ್ಲ. ಅವಧಿ ಪೂರೈಸಿ 1961ರ ಮೇ ತಿಂಗಳಲ್ಲಿ ನಿವೃತ್ತರಾದರು. ತಮ್ಮ ಬಳಿಕ ಲೆಫ್ಟಿನೆಂಟ್ ಜನರಲ್ ಥೋರಟ್ ಬರಲೆಂಬುದು ಅವರ ಶಿಫಾರಸು. ಸರ್ಕಾರ ಜನರಲ್ ಥಾಪರ್ ಅವರನ್ನು ನೇಮಿಸಿತು. ಸೇವಾ ಜ್ಯೇಷ್ಠತೆಯಲ್ಲಿ ಥಾಪರ್ ಮುಂದಿದ್ದರಾದ್ದರಿಂದ ಸರ್ಕಾರ ನಿಯಮ ಮುರಿಯಿತೆನ್ನುವಂತಿಲ್ಲ. ಮಡಿಕೇರಿಯ ಹುಡುಗನ ಪ್ರಶ್ನೆಗೆ ಉತ್ತರ ಅದೇ: ಥಾಪರ್ ಬಂದರು.

ಥಾಪರ್ ಹಂಗಾಮಿಯಲ್ಲ, ಪೂರ್ಣ ನೇಮಕವಾದವರು. ಆದರೆ 1962ರ ಸೆಪ್ಟೆಂಬರ್ 22ರಂದು ಏನಾಯಿತು ನೋಡಿ. ಈಶಾನ್ಯ ಗಡಿಯ ಥಾಗ್‌ಲಾ ಏಣಿನ ಕೆಳಗಿನಿಂದ ಚೀನೀ ಪಡೆಗಳನ್ನು ಹೊರಗಟ್ಟಬೇಕೆಂದು ಸರ್ಕಾರ ಬಯಸಿತು. ಅದರ ಅಪಾಯಗಳೇನೆಂದು ಥಾಪರ್ ಸಭೆಯಲ್ಲಿ ಹೇಳಿದರು. ಆದರೂ ಆಗಲೇಬೇಕೆಂದಾಗ ಅವರು ಕೇಳಿದ್ದು ಒಂದು ಲಿಖಿತ ಆದೇಶವನ್ನು. ರಕ್ಷಣಾ ಇಲಾಖೆಯ ಒಬ್ಬ ಜಂಟಿ ಕಾರ್ಯದರ್ಶಿಯ ಸಹಿಯುಳ್ಳ ಕಾಗದ ಅವರ ಕೈಗೆ ಬಂತು. ಅಷ್ಟರಿಂದ ಅವರು ಸುಮ್ಮನಾದರು. ಅದನ್ನು ಓದಿದಾಗ ನನಗೆ ನನ್ನ ಗ್ರಂಥಾಲಯದ ಕಡತ ನೆನಪಾಯಿತು. ಹೋಲಿಕೆ ದೊಡ್ಡದಾಯಿತೆಂದು ನೀವು ನಕ್ಕರೂ ಚಿಂತೆಯಿಲ್ಲ. ಕಾಯಂ ಕುರ್ಚಿಯಲ್ಲಿ ಕುಳಿತೂ ಹಂಗಾಮಿಯಾಗಿರಲು ಸಾಧ್ಯ.

ಈಗ ಆ ಎರಡನೆಯ ಹಾಸಿಗೆ. ಅಕ್ಟೋಬರ್ ಮೊದಲ ವಾರದಲ್ಲಿ ಆ ಗಡಿಗಾಗಿಯೇ ಹೊಸದಾಗಿ ರಚಿಸಿದ ನಾಲ್ಕನೆಯ ಕೋರ್‌ನ ನಾಯಕತ್ವವನ್ನು ಲೆಫ್ಟಿನೆಂಟ್ ಜನರಲ್ ಕೌಲ್ ವಹಿಸಿಕೊಂಡರು. ಎತ್ತರದ ಬೆಟ್ಟಗಳಲ್ಲಿ ಓಡಾಡಿ ಕಾಯಿಲೆ ಬಿದ್ದರು. 18ರಂದು ಅವರನ್ನು ದೆಹಲಿಗೆ ಸಾಗಿಸಿದರು. ಕಾಯಿಲೆ ಬೀಳುವುದು ಯಾರ ತಪ್ಪೂ ಅಲ್ಲ. ಆದರೆ ಅವರ ಜಾಗಕ್ಕೆ ಕೂಡಲೇ ಯಾರನ್ನೂ ಹಾಕಲಿಲ್ಲ. ದೆಹಲಿಯ ಮನೆಯ ಹಾಸಿಗೆಯಿಂದಲೇ ಅವರು ನೂರಾರು ಮೈಲಿಯಾಚೆಯ ಕೋರ್‌ಗೆ ಆಜ್ಞೆ ಕಳಿಸುತ್ತಿದ್ದರು. ಅಕ್ಟೋಬರ್ 20ರ ನಸುಕಿನಲ್ಲಿ ಚೀನೀಯರ ದಾಳಿ ಶುರುವಾದಾಗಲೂ ಪರಿಸ್ಥಿತಿ ಹೀಗೆಯೇ ಇತ್ತು. 24ರಂದು ಹರ್‌ಬಕ್ಷ್ ಸಿಂಗ್ ಅವರನ್ನು ಕಳಿಸಿದರು. ಅವರು ಬಂದು, ನೋಡಿ, ಸೆಲಾ ಕಣಿವೆಯನ್ನು ಹಿಡಿದು ನಿಲ್ಲುವ ಸಿದ್ಧತೆ ತೊಡಗಿದರು. ಐದೇ ದಿನ. 29ರಂದು ಕೌಲ್ ಮರಳಿ ಬಂದರು, ಹರ್‌ಬಕ್ಷ್ ಹೊರಡಬೇಕಾಯಿತು. ಭೀಷ್ಮನ ಹಾಸಿಗೆಗೂ ಈ ಹಾಸಿಗೆಗೂ ಇರುವ ಅಂತರವನ್ನು ನಾನು ವಿವರಿಸಬೇಕಾಗಿಲ್ಲ. ಸೆಲಾದಲ್ಲಿದ್ದ ಸೈನಿಕನಿಗೆ ಆ ಒಂದು ತಿಂಗಳಲ್ಲಿ ತನ್ನ ನಾಯಕ ಯಾರೆಂದು ತಿಳಿಯುವುದೇ ಕಷ್ಟವಾಗಿದ್ದಿರಬೇಕು.

ನವೆಂಬರ್ 18ರ ಹೊತ್ತಿಗೆ ಸೆಲಾ ಹೋಯಿತು, ಅದರ ಬೆನ್ನಿಗೇ ಬೊಮ್‌ಡಿಲಾ ಹೋಯಿತು. ತೇಜಪುರದಲ್ಲಿ ಜನ ಊರು ಬಿಟ್ಟು ಓಡಿದರು, ಬ್ಯಾಂಕಿನಲ್ಲಿ ನೋಟುಗಳನ್ನು ಸುಟ್ಟರು. ನವೆಂಬರ್ 19ರಂದು ಜನರಲ್ ಥಾಪರ್ ಪ್ರಧಾನಿಯವರಲ್ಲಿಗೆ ಹೋಗಿ ತಮ್ಮ ಹುದ್ದೆಯನ್ನು ಒಪ್ಪಿಸಿದರು. ಅನಾರೋಗ್ಯದ ನಿಮಿತ್ತ ದೀರ್ಘ ರಜೆ ಎಂದು ಸರ್ಕಾರ ಪ್ರಕಟಿಸಿತು. ನಮ್ಮ ಸರ್ಕಾರಗಳ ಭಾಷೆಯಲ್ಲಿ ಅನಾರೋಗ್ಯ ಎಂಬ ಪದಕ್ಕೆ ಬಹಳ ವಿಸ್ತಾರವಾದ ಅರ್ಥವಿದೆ. 20ರಂದು ಪುಣೆಯ ದಕ್ಷಿಣ ಕಮಾಂಡಿನ ಮುಖ್ಯಸ್ಥರಾಗಿದ್ದ ಲೆಫ್ಟಿನೆಂಟ್ ಜನರಲ್ ಜಯಂತನಾಥ ಚೌಧುರಿ ಹಂಗಾಮಿ ಸೇನಾ ಮುಖ್ಯಸ್ಥರಾದರು.

ಚೌಧುರಿ ಬಂಗಾಳದವರು. ಆದರೂ ಕನ್ನಡನಾಡಿಗೆ ಅಪರಿಚಿತರಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನಕ್ಕೆ ನುಗ್ಗಿದ ಸೇನೆಯನ್ನು ನಡೆಸಿದವರು ಅವರೇ. ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಕನ್ನಡಿಗರು ನಿಜಾಮರ ಆಳ್ವಿಕೆಯಿಂದ ಹೊರಬಂದದ್ದು ಆ ನಾಲ್ಕೈದು ದಿನಗಳಲ್ಲಿ. ಆಮೇಲೆ ಅವರು ಅಲ್ಲಿ ಮಿಲಿಟರಿ ಗವರ್ನರ್ ಆದರು. ಆ ಆಡಳಿತವನ್ನು ಕುರಿತು ಎಲ್ಲರ ಅನುಭವವೂ ಒಂದೇ ಅಲ್ಲ. ಆ ದಿನಗಳಲ್ಲಿ ಕಣ್ಣೀರು ಹಾಕಿದ ಮನೆಗಳೂ ಅಲ್ಲಿವೆ. ಆದರೆ ಅದೂ ಒಂದು ಹಂಗಾಮಿ ಹುದ್ದೆಯೇ ಆಗಿತ್ತು. ಒಂದು ಕೋಟಿಗೂ ಮೀರಿದ ಜನರ ಸೀಮೆಯನ್ನು ಕೈಯಲ್ಲಿ ಹಿಡಿದಿದ್ದ ಸೇನಾಧಿಕಾರಿ 1949ರ ಕೊನೆಯಲ್ಲಿ ಅದನ್ನು ನಾಗರಿಕ ಆಡಳಿತಕ್ಕೆ ಬಿಟ್ಟುಕೊಟ್ಟು ತನ್ನ ಸೇನೆಯ ಕೆಲಸಕ್ಕೆ ಮರಳಿದ. 1961ರ ಡಿಸೆಂಬರಿನಲ್ಲಿ ಗೋವಾ ಕಾರ್ಯಾಚರಣೆ ಹೊರಟಿದ್ದು ನಮ್ಮ ಬೆಳಗಾವಿಯಿಂದ. ಆಗಲೂ ದಕ್ಷಿಣ ಕಮಾಂಡಿನ ಹೊಣೆ ಚೌಧುರಿಯವರದೇ.

ಇಂಥವರು ನವೆಂಬರ್ 20ರಂದು ದೆಹಲಿಯಲ್ಲಿ ಕಂಡದ್ದೇನು? ತಮ್ಮ ಕುರ್ಚಿ ಹಂಗಾಮಿ. ರಕ್ಷಣಾ ಸಚಿವರ ಕುರ್ಚಿಯೂ ಹಂಗಾಮಿಯೇ! ಅಕ್ಟೋಬರ್ ಕೊನೆಯಲ್ಲಿ ಕೃಷ್ಣ ಮೆನನ್ ಅವರಿಂದ ಆ ಖಾತೆಯನ್ನು ನೆಹರೂ ತಾವೇ ತೆಗೆದುಕೊಂಡಿದ್ದರು; ಮುಂಬಯಿಯಿಂದ ಬಂದ ಯಶವಂತರಾವ್ ಚವಾಣ್ ಪ್ರಮಾಣವಚನ ಸ್ವೀಕರಿಸಿದ್ದು 21ರಂದು. ದೇಶದ ರಕ್ಷಣೆಯ ಎರಡು ದೊಡ್ಡ ಪೀಠಗಳೂ ಒಂದು ದಿನದ ಮಟ್ಟಿಗೆ ‘ಸದ್ಯಕ್ಕೆ’ ಎಂಬ ಒಂದೇ ಪದದ ಮೇಲೆ ನಿಂತಿದ್ದವು. ಪೂರ್ಣವಾಗಿ ತಮ್ಮ ಪೀಠದಲ್ಲಿದ್ದವರೊಬ್ಬರು, ಸಂವಿಧಾನದಂತೆ ರಕ್ಷಣಾ ಪಡೆಗಳ ಪರಮಾಧಿಪತಿಯಾದ ರಾಷ್ಟ್ರಪತಿ. ಅವರಾದರೂ ಯಾರು? ನಮ್ಮ ಮಹಾರಾಜ ಕಾಲೇಜಿನಲ್ಲಿ 1918ರಿಂದ 1921ರವರೆಗೆ ತತ್ತ್ವಶಾಸ್ತ್ರದ ಪಾಠ ಹೇಳಿದ್ದ ರಾಧಾಕೃಷ್ಣನ್ ಮೇಷ್ಟರು. ಅವರು ಮೈಸೂರನ್ನು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ರೈಲು ನಿಲ್ದಾಣದವರೆಗೆ ಎಳೆದೊಯ್ದರೆಂಬುದು ಊರಿನ ಹಿರಿಯರು ಹೇಳುತ್ತ ಬಂದಿರುವ ಕಥೆ.

ಹೊಸ ಮುಖ್ಯಸ್ಥರು ಬಂದ ಮರುದಿನವೇ ಚೀನಾ ತಾನಾಗಿ ಕದನವಿರಾಮ ಸಾರಿತು. ಅದರಲ್ಲಿ ಚೌಧುರಿಯವರ ಪಾತ್ರವೇನೂ ಇಲ್ಲ. ಅದೃಷ್ಟವನ್ನು ಸಾಮರ್ಥ್ಯವೆಂದು ನಾನು ಬಣ್ಣಿಸಲಾರೆ. ನನಗೆ ಮುಖ್ಯವೆನಿಸುವುದು ಆಮೇಲಿನ ವಾರಗಳು. ಯುದ್ಧ ನಿಂತಿದೆ, ಸೇನೆಯ ಮಾನ ಹೋಗಿದೆ, ತನ್ನ ನೇಮಕ ಖಚಿತವಾಗಿಲ್ಲ. ಕಡತ ಪಕ್ಕಕ್ಕಿಡಲು ಇದಕ್ಕಿಂತ ಒಳ್ಳೆಯ ನೆಪ ಬೇಕೆ? ಅವರು ಇಡಲಿಲ್ಲ. ಕೆಲವೇ ದಿನಗಳಲ್ಲಿ ನಾಲ್ಕನೆಯ ಕೋರ್ ಕೌಲ್ ಅವರ ಕೈಯಿಂದ ಮಾಣೆಕ್‌ಷಾ ಅವರ ಕೈಗೆ ಹೋಯಿತು. ಸೋಲಿಗೆ ಕಾರಣವೇನೆಂದು ಸೇನೆಯೇ ತನ್ನನ್ನು ತಾನು ಪರೀಕ್ಷಿಸಿಕೊಳ್ಳಲೆಂದು ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಅವರಿಗೆ ವಿಚಾರಣೆಯನ್ನು ವಹಿಸಿದರು. ಹಿಂದಿನವರ ತಪ್ಪುಗಳನ್ನು ಕೆದಕುವ ವಿಚಾರಣೆಯದು. ಹಂಗಾಮಿಯಾದವನು ಸಾಮಾನ್ಯವಾಗಿ ಅಂಥದಕ್ಕೆ ಕೈ ಹಾಕುವುದಿಲ್ಲ. ವರದಿ 1963ರಲ್ಲಿ ಸಿದ್ಧವಾಯಿತು. ಸರ್ಕಾರಗಳು ಅದನ್ನು ಗುಟ್ಟಾಗಿಯೇ ಇಟ್ಟುಕೊಂಡು ಬಂದದ್ದು ಬೇರೆ ವಿಚಾರ. ಚೌಧುರಿಯವರ ನೇಮಕವೂ ಮುಂದೆ ಖಚಿತವಾಗಿ, 1965ರ ಯುದ್ಧವನ್ನು ನಡೆಸಿ, 1966ರ ಜೂನ್‌ನಲ್ಲಿ ನಿವೃತ್ತರಾದರು. ಆ ಯುದ್ಧದಲ್ಲಿ ಅವರ ಕೆಲವು ನಿರ್ಧಾರಗಳನ್ನು ಟೀಕಿಸುವವರಿದ್ದಾರೆ. ಪಶ್ಚಿಮ ಕಮಾಂಡಿನಲ್ಲಿದ್ದ ಅದೇ ಹರ್‌ಬಕ್ಷ್ ಸಿಂಗ್ ಅವರಲ್ಲೊಬ್ಬರು.

ಥಾಪರ್ ಅವರ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಸೋಲಿಗೆ ಅವರೊಬ್ಬರೇ ಕಾರಣರಲ್ಲ, ಅವರಿಗಿಂತ ದೊಡ್ಡ ಹೊಣೆ ಹೊತ್ತವರಿದ್ದರು. ಆದರೆ ಹೋಗಬೇಕಾದ ದಿನ ಅವರು ತಾವಾಗಿ ಹೋದರು, ಪೂರ್ತಿ ಹೋದರು. ಸೋತು, ಅವಮಾನಿತವಾಗಿ, ಮಂತ್ರಿಗಳ ಮೇಲೆ ಕುದಿಯುತ್ತಿದ್ದ ಒಂದು ದೊಡ್ಡ ಸೇನೆ ದೇಶದ ಕೈಯಲ್ಲಿತ್ತು. ಮೈಸೂರಿನಲ್ಲಿ 1758ರಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಅದೇ. ಆದರೆ ದೆಹಲಿಯಲ್ಲಿ ಕುರ್ಚಿ ಒಂದು ರಾತ್ರಿಯೂ ಬರಿದಾಗಿರಲಿಲ್ಲ.

ನಮ್ಮ ಕಾಲದಲ್ಲೂ ಇಂಥ ತೆರಪು ಒದಗಿತು. 2021ರ ಡಿಸೆಂಬರ್ 8ರಂದು ನಮ್ಮ ನೆರೆಯ ನೀಲಗಿರಿಯಲ್ಲಿ, ಕೂನೂರಿನ ಬಳಿ, ಹೆಲಿಕಾಪ್ಟರ್ ಬಿದ್ದು ದೇಶದ ಮೊದಲ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಮೃತರಾದರು. ಮೂರು ಪಡೆಗಳ ಮುಖ್ಯಸ್ಥರ ಸಮಿತಿಯ ಅಧ್ಯಕ್ಷತೆಯನ್ನು ಭೂಸೇನೆಯ ಜನರಲ್ ನರವಣೆಯವರಿಗೆ ವಹಿಸಿದರು. ಆದರೆ ರಾವತ್ ಅವರ ಹುದ್ದೆಗೆ ಜನರಲ್ ಅನಿಲ್ ಚೌಹಾಣ್ ಬಂದದ್ದು 2022ರ ಸೆಪ್ಟೆಂಬರ್ 30ರಂದು. ಒಂಬತ್ತು ತಿಂಗಳಿಗೂ ಹೆಚ್ಚು. ಯುದ್ಧವಿರಲಿಲ್ಲವಾಗಿ ನಾವು ಯಾರೂ ಎಣಿಸಲಿಲ್ಲ. ಲಡಾಖಿನ ಗಡಿಯಲ್ಲಿ ಆಗಲೂ ಎರಡು ಸೇನೆಗಳು ಎದುರುಬದುರು ನಿಂತಿದ್ದವು.

1962ರಲ್ಲಿ ನಾನು ಕೈಗೂಸು. ಆ ದಿನಗಳನ್ನು ನಾನು ಕೇಳಿ ಬಲ್ಲೆನೇ ಹೊರತು ನೋಡಿ ಬಲ್ಲವನಲ್ಲ. ನಮ್ಮ ತಂದೆ ಮೈಸೂರಿನಲ್ಲಿ ಶಾಲಾ ಉಪಾಧ್ಯಾಯರು. ಆಗ ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲ, ಪಕ್ಕದ ವಠಾರದಲ್ಲಿ ಒಂದಿತ್ತು. ನವೆಂಬರಿನ ಆ ರಾತ್ರಿಗಳಲ್ಲಿ ಬೀದಿಯವರೆಲ್ಲ ಅದರ ಸುತ್ತ ಸೇರುತ್ತಿದ್ದರಂತೆ. ಅದಕ್ಕೆ ಒಂದು ವಾರ ಮೊದಲು ನಮ್ಮ ತಾಯಿ ತಮ್ಮ ಮದುವೆಯ ಬಳೆಗಳಲ್ಲಿ ಒಂದು ಜೊತೆಯನ್ನು ರಾಷ್ಟ್ರೀಯ ರಕ್ಷಣಾ ನಿಧಿಗೆ ಕೊಟ್ಟು ಬಂದಿದ್ದರು. ಆದ್ದರಿಂದ ದೆಹಲಿಯ ಸುದ್ದಿಯಲ್ಲಿ ತಮಗೂ ಒಂದು ಪಾಲಿದೆಯೆಂದು ಅವರ ಭಾವನೆ. ಆ ರಾತ್ರಿ ತಂದೆ ಬಂದು, ಸೇನೆಯ ದೊಡ್ಡವರು ರಜೆಯ ಮೇಲೆ ಹೋದರಂತೆ, ಬೇರೆಯವರನ್ನು ಹಾಕಿದ್ದಾರಂತೆ ಎಂದು ಹೇಳಿದರು.

ನಮ್ಮ ತಾಯಿ ನನ್ನನ್ನು ತೊಟ್ಟಿಲಲ್ಲಿ ತೂಗುತ್ತ, “ಅವರು ಎಷ್ಟು ದಿನ ಇರುತ್ತಾರಂತೆ?” ಎಂದು ಕೇಳಿದರಂತೆ.

“ಸದ್ಯಕ್ಕೆ ಅಂತ ಹೇಳಿದರು. ಎಷ್ಟು ದಿನ ಅಂತ ಹೇಳಲಿಲ್ಲ.”

“ಇವತ್ತು ರಾತ್ರಿ ಇರುತ್ತಾರಷ್ಟೆ?”

“ಇರುತ್ತಾರೆ” ಎಂದು ತಂದೆ ಹೇಳಿ, ಬಾಗಿಲಿನ ಅಗಳಿ ಹಾಕಿ ದೀಪ ಆರಿಸಿದರಂತೆ.